ಏಳನೇ ಇಲಿ

ಆ ಮನೆಯಲ್ಲಿ ಇಲಿಗಳಿಗೂ ಒಂದು ದಾಖಲೆ ಪುಸ್ತಕವಿತ್ತು. ಅಡುಗೆಮನೆಯ ಹಿಂಬಾಗಿಲಿನ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದ ನೀಲಿ ರಟ್ಟಿನ ಪುಸ್ತಕ. ಅದರ ಮೊದಲ ಪುಟದಲ್ಲಿ ಅಪ್ಪ ಸ್ಕೇಲು ಹಿಡಿದು ಅಂಕಣ ಎಳೆದಿದ್ದರು: ಕ್ರಮಸಂಖ್ಯೆ, ಸಿಕ್ಕಿದ ದಿನ, ಗುರುತು, ಬಿಟ್ಟ ಜಾಗ, ಸಹಿ. ಮೂವತ್ತೊಂದು ವರ್ಷ ಪಾರ್ಸೆಲ್ ಆಫೀಸಿನಲ್ಲಿ ಕೂತು ಬಂದದ್ದನ್ನೂ ಹೋದದ್ದನ್ನೂ ಬರೆದುಕೊಂಡ ಮನುಷ್ಯ, ನಿವೃತ್ತರಾದ ಮೇಲೆ ತಮ್ಮ ಹಿತ್ತಲಿಗೆ ಬಂದುಹೋಗುವವರನ್ನು ಬರೆಯದೆ ಬಿಟ್ಟಾರೆಯೇ?

ಹಿತ್ತಲು ಎಂದರೆ ಅಂಥ ದೊಡ್ಡದೇನೂ ಅಲ್ಲ. ನಾಲ್ಕು ಸಾಲು ಟೊಮೇಟೊ, ಎರಡು ಚಪ್ಪರ ಸೌತೆ, ಬಟ್ಟೆ ಒಗೆಯುವ ಕಲ್ಲಿನ ಸುತ್ತ ಒಂದಿಷ್ಟು ಸೊಪ್ಪು. ಇಲಿಗಳು ಅದಕ್ಕೆ ನುಗ್ಗಿದ್ದು ಬೇಸಿಗೆಯ ಕೊನೆಯಲ್ಲಿ. ಒಂದು ಹಣ್ಣನ್ನೂ ಪೂರ್ತಿ ತಿನ್ನುತ್ತಿರಲಿಲ್ಲ, ಒಂದನ್ನೂ ಪೂರ್ತಿ ಬಿಡುತ್ತಲೂ ಇರಲಿಲ್ಲ.

"ಹೊಟ್ಟೆ ತುಂಬ ತಿಂದು ಹೋದ್ರೆ ನಾನೇನೂ ಅನ್ನಲ್ಲ," ಎಂದಳು ಅಮ್ಮ, ಕಚ್ಚಿದ ಟೊಮೇಟೊಗಳನ್ನು ಬುಟ್ಟಿಗೆ ಎಸೆಯುತ್ತ. "ಎಲ್ಲದಕ್ಕೂ ಒಂದೊಂದು ಮುದ್ರೆ ಒತ್ತಿ ಹೋಗ್ತಾವಲ್ಲ, ಥೇಟ್ ನಿಮ್ಮ ಆಫೀಸಿನವರ ಹಾಗೆ! ಒಂದು ಪೊಟ್ಟಣ ಪಾಷಾಣ ತನ್ನಿ, ಮುಗಿದುಹೋಗುತ್ತೆ."

"ನನ್ನ ಕೈಯಲ್ಲಿ ಒಂದು ಪಾರ್ಸೆಲ್ಲೂ ಸತ್ತಿಲ್ಲ, ಇಲೀನೂ ಸಾಯಲ್ಲ," ಎಂದರು ಅಪ್ಪ. "ವಿಳಾಸ ಬದಲಾಯಿಸೋಣ, ಅಷ್ಟೇ."

ವಿಳಾಸ ಬದಲಾಯಿಸುವುದೆಂದರೆ, ತಂತಿಯ ಬೋನಿನಲ್ಲಿ ಹಿಡಿದು, ಮುಖ್ಯರಸ್ತೆಯಲ್ಲಿ ನಡೆದು, ಸೇತುವೆ ದಾಟಿ, ಆಚೆ ದಡದ ಜೊಂಡಿನಲ್ಲಿ ಬಿಟ್ಟುಬರುವುದು. ಹೋಗಿಬರಲು ಅರ್ಧ ಗಂಟೆ. ಬಿಟ್ಟ ಇಲಿಯೇ ವಾಪಸು ಬಂತೋ, ಹೊಸದು ಬಂತೋ ಎಂದು ಹೇಗೆ ತಿಳಿಯಬೇಕು? ಅದಕ್ಕೂ ಅಪ್ಪನ ಬಳಿ ಉಪಾಯವಿತ್ತು. ಬೋನಿನ ತಂತಿಗಳ ಸಂದಿಯಿಂದ ಹೊರಬಂದ ಬಾಲಕ್ಕೆ ಕೆಂಪು ಬಣ್ಣದ ಒಂದು ಉಂಗುರ ಬರೆದುಬಿಡುವುದು. ಬಣ್ಣಕ್ಕೆ ದೂರ ಹೋಗಬೇಕಾಗಿರಲಿಲ್ಲ. ಮಗಳ ಮೇಜಿನ ಖಾನೆಯಲ್ಲಿ ನೇಲ್ ಪಾಲಿಶಿನ ಒಂದು ಸೀಸೆ ಎರಡು ವರ್ಷದಿಂದ ಮುಚ್ಚಳ ಬಿಚ್ಚದೆ ಕೂತಿತ್ತು. ಕೊಳ್ಳುವಾಗ ಬಂದ ಧೈರ್ಯ ಹಚ್ಚಿಕೊಳ್ಳುವಾಗ ಬಂದಿರಲಿಲ್ಲ.

ಆ ಮಗಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಬಸ್ಸಿನಲ್ಲಿ ತನ್ನ ಸ್ಟಾಪು ಬಂದರೂ "ಇಳೀಬೇಕು" ಎನ್ನಲು ಬಾಯಿ ಬಾರದೆ, ಮುಂದಿನ ಸ್ಟಾಪಿನಲ್ಲಿ ಇಳಿಯುವವರ ಬೆನ್ನಿಗೆ ಇಳಿದು ಹಿಂದಕ್ಕೆ ನಡೆದುಬರುವ ಹುಡುಗಿ. ಡಿಗ್ರಿ ಮುಗಿದು ಹತ್ತು ತಿಂಗಳಾಗಿತ್ತು. ಪರೀಕ್ಷೆ ಎಂದರೆ ಎಲ್ಲರಿಗಿಂತ ಮುಂದೆ, ಸಂದರ್ಶನ ಎಂದರೆ ಕುರ್ಚಿಯ ತುದಿಯಲ್ಲಿ ಕೂತು ತನ್ನ ಹೆಸರನ್ನೇ ಎರಡು ಸಲ ನುಂಗುವವಳು. ಆಡಲಾಗದ್ದೆಲ್ಲ ಡೈರಿಗೆ ಹೋಗುತ್ತಿತ್ತು. ಬರವಣಿಗೆ ಮಾತ್ರ ಮುತ್ತು ಪೋಣಿಸಿದ ಹಾಗೆ.

ಪುಸ್ತಕಕ್ಕೆ ಅಂಕಣ ಎಳೆದ ಮಾರನೆಯ ದಿನವೇ ಅಪ್ಪ, ಬೋನು ಎಲ್ಲಿಟ್ಟರೆ ಚೆನ್ನ ಎಂದು ನೋಡಲು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಒಗೆಯುವ ಕಲ್ಲಿಗೆ ಎಡವಿ ಬಿದ್ದು ಕಾಲು ಮುರಿದುಕೊಂಡರು. ಮೊಣಕಾಲಿನವರೆಗೆ ಪ್ಲಾಸ್ಟರು. ಹಿಂಬಾಗಿಲಿನಲ್ಲಿ ಕುರ್ಚಿ ಹಾಕಿ ಕೂತು, ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಬಾಲಕ್ಕೆ ಬಣ್ಣ ಹಚ್ಚುವ ಕೆಲಸವಷ್ಟೇ ಅವರ ಪಾಲಿಗೆ ಉಳಿಯಿತು. ಸೇತುವೆ ಗುಬ್ಬಿಯ ಪಾಲಿಗೆ ಬಂತು.

ಮೊದಲನೇ ಇಲಿಯನ್ನು ಅವಳು ನಿಜವಾಗಿಯೂ ಸೇತುವೆಯಾಚೆಗೇ ಒಯ್ದಳು. ಬೋನನ್ನು ಒಂದು ಹೂವಿನ ಬಟ್ಟೆಯ ಚೀಲದಲ್ಲಿಟ್ಟುಕೊಂಡು, ನೆಲ ನೋಡುತ್ತ ಹೊರಟಳು. ಬಸ್ ಸ್ಟಾಪಿನಲ್ಲಿ ಆಫೀಸಿಗೆ ಹೋಗುವವರ ಗುಂಪು. ಸರಿಯಾಗಿ ಅಲ್ಲಿಗೆ ಬಂದಾಗಲೇ ಇಲಿ ಚೀಲದೊಳಗೆ ಕುಣಿಯತೊಡಗಿತು.

"ಏನಮ್ಮಾ, ಟಿಫಿನ್ ಡಬ್ಬಿ ತಾನೇ ನಡ್ಕೊಂಡು ಹೋಗೋ ಹಾಗಿದೆ?" ಎಂದ ಒಬ್ಬ.

"ಊಟ ಇನ್ನೂ ಜೀವಂತ ಇದೆ ಕಣೋ," ಎಂದ ಇನ್ನೊಬ್ಬ.

ಇಡೀ ಸ್ಟಾಪು ನಕ್ಕಿತು. ನಕ್ಕವರಲ್ಲಿ ಕಾಲೇಜಿನಲ್ಲಿ ಅವಳ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯೂ ಇದ್ದಳು. ಕುತ್ತಿಗೆಗೆ ಆಫೀಸಿನ ಗುರುತಿನ ಚೀಟಿ ಹಾಕಿಕೊಂಡು, "ಏನೇ, ಈಗ ಇದೇ ಕೆಲ್ಸಾನಾ?" ಎಂದು ಪ್ರೀತಿಯಿಂದಲೇ ಕೇಳಿದಳು. ಗುಬ್ಬಿಯ ಕಿವಿಗಳು ಬೆಂಕಿಯಾದವು. ಆ ರಾತ್ರಿ ಡೈರಿಯಲ್ಲಿ ನಾಲ್ಕು ಪುಟ ಅದೇ.

ಎರಡನೇ ಇಲಿ ಸಿಕ್ಕಿದ ದಿನ ಅವಳು ಬೀದಿಯ ಕೊನೆಯವರೆಗೆ ಹೋದಳು, ಮುಖ್ಯರಸ್ತೆಯ ತಿರುವಿನಲ್ಲಿ ನಿಂತಳು, ಬಸ್ ಸ್ಟಾಪಿನ ಗುಂಪನ್ನು ದೂರದಿಂದಲೇ ನೋಡಿದಳು. ಕಾಲು ಏಳಲಿಲ್ಲ. ಎಡಗಡೆಗೆ ಒಂದು ಖಾಲಿ ನಿವೇಶನವಿತ್ತು. ಒಳಗೆಲ್ಲ ಲಂಟಾನ ಪೊದೆ, ಪೊದೆಯ ಆಚೆಗೊಂದು ಬೂದು ಗೋಡೆ. ಯಾರೂ ಇರಲಿಲ್ಲ. ಅವಳು ಒಳಗೆ ನುಸುಳಿ, ಬೋನಿನ ಬಾಗಿಲು ಎತ್ತಿದಳು. ಇಲಿ ಗೋಡೆಯ ಬುಡದ ಕಡೆಗೆ ಓಡಿ ಮಾಯವಾಯಿತು.

ಆದರೆ ಐದೇ ನಿಮಿಷಕ್ಕೆ ಮನೆಗೆ ಹೋದರೆ ಅಪ್ಪನಿಗೆ ಗೊತ್ತಾಗುವುದಿಲ್ಲವೇ? ಹಾಗಾಗಿ ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು. ಮುಂದಿನ ಸಲದಿಂದ ಅಲ್ಲಿ ಕೂತು ಬರೆಯಲು ಡೈರಿಯನ್ನೂ ಜೊತೆಗೆ ಒಯ್ಯತೊಡಗಿದಳು. ಆ ದಿನ ಅರ್ಧ ಗಂಟೆಗೆ ಸ್ವಲ್ಪ ಮುಂಚೆ ಎದ್ದು, ಅವಸರದಲ್ಲಿ ನಡೆದವಳಂತೆ ಸ್ವಲ್ಪ ಏದುಸಿರು ಬಿಡುತ್ತ ಬಂದು, ನೀಲಿ ಪುಸ್ತಕದಲ್ಲಿ ಬರೆದಳು: "ಸೇತುವೆ ಆಚೆ."

"ಇಪ್ಪತ್ತೆಂಟು ನಿಮಿಷ!" ಎಂದರು ಅಪ್ಪ ಗಡಿಯಾರ ನೋಡಿ. "ನನ್ನ ಮಗಳ ಕಾಲು ಅಂದ್ರೆ ಕಾಲು. ನನ್ನದೂ ಇದೆ, ನೋಡು, ಬಂಡೆ."

ಎರಡು, ಮೂರು, ನಾಲ್ಕು, ಐದು, ಆರು. ಎಲ್ಲದರ ಮುಂದೂ ಅದೇ ಮುದ್ದಾದ ಅಕ್ಷರ, ಅದೇ ಸುಳ್ಳು. ಏಳನೆಯದು ಒಂದು ದೊಡ್ಡ ಗಂಡು. ಬಣ್ಣ ಹಚ್ಚುವಾಗ ಅಪ್ಪನ ಬೆರಳು ಕಚ್ಚಲು ನೋಡಿತು. "ಎಡಗಿವಿ ಹರಿದಿದೆ. ಸ್ವಭಾವ ಸಿಡುಕು," ಎಂದು ಅಪ್ಪ ಹೇಳಿ ಬರೆಸಿದರು. ಅದೂ ಬೂದು ಗೋಡೆಯ ಬುಡಕ್ಕೇ ಹೋಯಿತು. ಅದರ ನಂತರ ಬೋನು ಖಾಲಿ. ಟೊಮೇಟೊಗಳ ಮೇಲೆ ಮುದ್ರೆ ನಿಂತಿತು. ಅಪ್ಪ ಬಂದವರಿಗೆಲ್ಲ ಪುಸ್ತಕ ತೋರಿಸಿ, "ಏಳಕ್ಕೆ ಏಳು, ಒಂದೂ ವಾಪಸ್ ಬಂದಿಲ್ಲ," ಎನ್ನುತ್ತಿದ್ದರು. ಗುಬ್ಬಿ ಆ ಹೊತ್ತಿಗೆ ಒಳಗೆ ಏನಾದರೂ ಕೆಲಸ ಹುಡುಕಿಕೊಂಡು ಎದ್ದುಹೋಗುತ್ತಿದ್ದಳು.

ಗುಬ್ಬಿ ಅಳುಕಿಲ್ಲದೆ ಹೋಗುತ್ತಿದ್ದ ಮನೆ ಲೋಕದಲ್ಲಿ ಒಂದೇ ಒಂದಿತ್ತು. ಹಿಂದಿನ ಬೀದಿಯ ಸೂಜಿ ಅತ್ತೆಯ ಮನೆ. ಅತ್ತೆ ಎಂದರೆ ರಕ್ತಸಂಬಂಧವಲ್ಲ. ಅರ್ಧ ಊರಿನ ಬಟ್ಟೆ ಹೊಲಿದ ಹೆಂಗಸು, ಒಂಟಿ. ಶಾಲೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದ ಗುಬ್ಬಿ, ಅಪ್ಪ ಅಮ್ಮ ಕೆಲಸದಿಂದ ಬರುವವರೆಗೆ ಆಕೆಯ ಹೊಲಿಗೆ ಯಂತ್ರದ ಕೆಳಗೆ, ಬಟ್ಟೆಯ ಚೂರುಗಳ ರಾಶಿಯಲ್ಲಿ ಕೂತು ಒಂದೇ ಸಮನೆ ಮಾತಾಡುತ್ತಿದ್ದಳು. ಮೇಲೆ ಕಾಲು ಪೆಡಲು ತುಳಿಯುತ್ತಿದ್ದರೆ ಕೆಳಗೆ ಈ ಗುಬ್ಬಿಯ ಚಿಲಿಪಿಲಿ. ಹೆಸರಿಟ್ಟವಳೂ ಆಕೆಯೇ.

ಈಗ ಅತ್ತೆಯ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಕಾಣುತ್ತಿರಲಿಲ್ಲ. ಯಂತ್ರದ ಮೇಲೆ ಹೊದಿಕೆ ಬಿದ್ದಿತ್ತು. ಸುಮ್ಮನಿರಲು ಬಾರದ ಕೈಗಳು ಹಿತ್ತಲಿಗೆ ತಿರುಗಿದ್ದವು. ಅಂಥ ಹಿತ್ತಲು ಬೇರೆಲ್ಲೂ ಇರಲಿಲ್ಲ. ಸಾಲುಗಳ ಅಂತರವನ್ನು ಟೇಪು ಹಿಡಿದು ಅಳೆದಿದ್ದಳು. ಹುರುಳಿಕಾಯಿ ಬಳ್ಳಿಗಳನ್ನು ಬಣ್ಣಬಣ್ಣದ ಬಟ್ಟೆಯ ಪಟ್ಟಿಗಳಿಂದ ಕೋಲಿಗೆ ಕಟ್ಟಿದ್ದಳು: ಯಾರದೋ ಮದುವೆಯ ರೇಷ್ಮೆ, ಯಾರದೋ ಸಮವಸ್ತ್ರದ ನೀಲಿ. ಬೆರಳಿನಿಂದಲೇ ಮುಟ್ಟಿ, ಇದು ಹೂ, ಇದು ಮೊಗ್ಗು ಎನ್ನುತ್ತಿದ್ದಳು.

ಏಳನೇ ಇಲಿ ಹೋದ ವಾರದೊಪ್ಪತ್ತಿಗೆ ಗುಬ್ಬಿ ಅಲ್ಲಿಗೆ ಹೋದಾಗ ಅತ್ತೆ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಬುಡ ಕತ್ತರಿಸಿದ ಒಂದು ಬಳ್ಳಿ.

"ಬಂದ್ಯಾ ಗುಬ್ಬಿ? ನೋಡೇ ಇಲ್ಲಿ. ಎರಡು ಸಾಲು ಹುರುಳಿಕಾಯಿ, ಬುಡಕ್ಕೇ ಕತ್ತರಿ. ಗೆಣಸು ಅಗೆದರೆ ಬರೀ ಸಿಪ್ಪೆ. ನನ್ನ ಜನ್ಮದಲ್ಲಿ ಇಷ್ಟು ಇಲಿ ಕಂಡಿಲ್ಲ. ನಾನು ಕಾಣೋದೂ ಅಷ್ಟರಲ್ಲೇ ಇದೆ ಬಿಡು, ಆದ್ರೂ ಕಾಲ ಮೇಲೇ ಓಡ್ತವೆ ಮುಂಡೇವು."

ಗುಬ್ಬಿ ತಲೆಯೆತ್ತಿದಳು. ಹಿತ್ತಲಿನ ಕೊನೆಗೆ ಗೋಡೆ. ಬೂದು ಗೋಡೆ. ಅದರ ಮೇಲಿಂದ ಈಚೆಗೆ ಬಾಗಿ ನೋಡುತ್ತಿದ್ದ ಲಂಟಾನದ ಕೊಂಬೆ, ಕಿತ್ತಳೆ ಹೂವು. ಗೋಡೆಯ ಬುಡದಲ್ಲಿ ನೀರು ಹೋಗಲೆಂದು ಬಿಟ್ಟ, ಮುಷ್ಟಿಯಷ್ಟಗಲದ ತೂತು.

ಹದಿನೈದು ವರ್ಷ ಈ ಮನೆಗೆ ಮುಂಬಾಗಿಲಿನಿಂದ ಬಂದವಳು, ಅದರ ಬೆನ್ನು ಯಾವ ಕಡೆಗಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ಕ್ಷಣವೇ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯೇ ಮುಂದುವರಿಸಿದಳು.

"ಎಲ್ಲಿಂದ ಅಂತ ನಂಗೊತ್ತು. ಆ ಗಿರಣಿಯವನದ್ದೇ. ಮೂರು ಮನೆ ಆಚೆಗೆ ಹಿಟ್ಟಿನ ಗಿರಣಿ ಇಟ್ಕೊಂಡು, ಮೂಟೆ ಮೂಟೆ ಕಾಳು ಪೇರಿಸಿಟ್ಟರೆ ಇಲಿ ಬರದೆ ಆನೆ ಬರುತ್ತಾ? ಪುರಸಭೆಗೆ ಒಂದು ಅರ್ಜಿ ಹಾಕ್ತೀನಿ. ನೀನು ಓದಿದವಳು, ನಿನ್ನ ಅಕ್ಷರ ಚೆಂದ. ಬರಿ."

"ಅತ್ತೆ, ಗಿರಣಿ ಮಾಮಂದೇ ಅಂತ..."

"ಮತ್ತೆ ಯಾರದ್ದು? ಇಲಿ ಏನು ಯಾರಾದರೂ ತಂದು ಬಿಟ್ಟು ಹೋಗ್ತಾರಾ?"

ಅತ್ತೆ ತಮಾಷೆಗೆ ಹೇಳಿದ್ದಳು. ಈಗ ಹೇಳಿದರೆ ಈ ಮನೆಯ ಬಾಗಿಲೂ ಮುಚ್ಚುತ್ತದೆ; ಇದೂ ಮುಚ್ಚಿದರೆ ತನಗೆ ಮಾತಾಡಲು ಡೈರಿಯೊಂದೇ. ಅವಳು ಹೊದಿಕೆ ಹಾಕಿದ ಯಂತ್ರದ ಮೇಲೆ ಹಾಳೆ ಇಟ್ಟು ಬರೆದಳು. ನಾಚಿಕೆಯ ಸಂಗತಿಯೆಂದರೆ, ಒಂದು ಅಕ್ಷರವೂ ಅಂಕುಡೊಂಕಾಗಲಿಲ್ಲ. ಅತ್ತೆ "ಇಲಿ ಕಾಟ ಜಾಸ್ತಿಯಾಗಿದೆ" ಎಂದದ್ದನ್ನು ಅವಳು "ಸಾರ್ವಜನಿಕರ ಆರೋಗ್ಯಕ್ಕೆ ಧಕ್ಕೆಯಾಗುವ ಸಂಭವವಿದೆ" ಎಂದು ತಿದ್ದಿದಳು. ಬರೆಯುತ್ತ ಬರೆಯುತ್ತ, ವಾಕ್ಯ ಚೆನ್ನಾಗಿ ಬಂತು ಎಂದು ಒಳಗೊಳಗೆ ಖುಷಿಯೂ ಪಟ್ಟಳು. ಅತ್ತೆ ಕಾಗದವನ್ನು ಮೂಗಿಗೆ ತಾಗಿಸಿಕೊಂಡು, ಗುಬ್ಬಿ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದಳು.

ಐದು ದಿನಕ್ಕೆ ಪುರಸಭೆಯವರು ಬಂದರು. ಗಿರಣಿಯ ಬಾಗಿಲಿಗೆ ನೋಟೀಸು ಅಂಟಿಸಿದರು: ಹತ್ತು ದಿನ ಮುಚ್ಚಬೇಕು, ಶುಚಿಗೊಳಿಸಬೇಕು, ಆಮೇಲೆ ಮತ್ತೊಮ್ಮೆ ತಪಾಸಣೆ. ಹುಬ್ಬಿನಿಂದ ಹಿಮ್ಮಡಿಯವರೆಗೆ ಹಿಟ್ಟು ಮೆತ್ತಿಕೊಂಡು ಓಡಾಡುತ್ತಿದ್ದ ಗಿರಣಿ ಮಾಮ, ಮೊದಲ ಸಲ ತೊಳೆದ ಮುಖದಲ್ಲಿ ಮೆಟ್ಟಿಲ ಮೇಲೆ ಕೂತದ್ದನ್ನು ಬೀದಿ ಕಂಡಿತು. ಹಿಟ್ಟಿಲ್ಲದ ಆ ಮುಖ ಇಷ್ಟು ಮುದಿಯಾಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

"ಅವನ ಗಿರಣಿ ಕನ್ನಡಿ ಇದ್ದ ಹಾಗಿತ್ತು," ಎಂದು ಅಮ್ಮ ದೂರದ ಗಿರಣಿಯಿಂದ ಡಬ್ಬಿ ಹೊತ್ತು ಬಂದು ಇಳಿಸುತ್ತ ಗೊಣಗಿದಳು. "ಮೊನ್ನೆಮೊನ್ನೆ ಯಂತ್ರಕ್ಕೆಲ್ಲ ಕೆಂಪು ಪೇಂಟ್ ಹೊಡೆಸಿದ್ದ, ಪಾಪ. ಯಾರು ಕಣ್ಣು ಹಾಕಿದರೋ."

ಗುಬ್ಬಿ ಮುಂದಿದ್ದ ತಟ್ಟೆಯನ್ನು ಸರಿಸಿ ಎದ್ದಳು. ಆ ಹತ್ತು ದಿನ ಅವಳು ಡೈರಿಯನ್ನೂ ಬರೆಯಲಿಲ್ಲ. ತೆರೆದರೆ ಅಲ್ಲಿ ಬೂದು ಗೋಡೆಯ ಪಕ್ಕ ಕೂತು ಬರೆದ ಪುಟಗಳೇ: ಆಕಾಶದ ಬಣ್ಣ, ಲಂಟಾನದ ಹೂವು, ಏಕಾಂತದ ಸುಖ. ಓದಲಾಗದೆ ಮುಚ್ಚಿಡುತ್ತಿದ್ದಳು. ಅತ್ತೆಯ ಮನೆಗೆ ಹೋಗುವುದನ್ನೂ ತಪ್ಪಿಸಿದಳು. ಈ ನಡುವೆ ಅತ್ತೆ ಒಮ್ಮೆ ಬಂದು ಅಪ್ಪನಿಂದ ಬೋನು ಕೇಳಿ ಒಯ್ದಿದ್ದಳು. "ಗಿರಣಿ ಮುಚ್ಚಿದರೂ ಇಲಿ ನಿಂತಿಲ್ಲ ನೋಡಿ ಅಣ್ಣ," ಎಂದದ್ದು ಒಳಕೋಣೆಯಲ್ಲಿದ್ದ ಗುಬ್ಬಿಗೆ ಕೇಳಿಸಿತ್ತು.

ಹತ್ತನೇ ದಿನದ ಬೆಳಗ್ಗೆ ಅತ್ತೆಯಿಂದ ಕರೆ ಬಂತು. ಫೋನಿನಲ್ಲಿ ಆಕೆಯ ದನಿ ಕುಣಿಯುತ್ತಿತ್ತು. "ಬಾರೇ ಬೇಗ! ಕಳ್ಳ ಸಿಕ್ಕಿದ. ಪೆನ್ನೂ ತಗೊಂಡು ಬಾ."

ಬೋನು ಹೊಲಿಗೆ ಯಂತ್ರದ ಮೇಲಿತ್ತು. ಒಳಗೆ ದೊಡ್ಡ ಗಂಡು ಇಲಿ, ಹರಿದ ಎಡಗಿವಿ. ಗುಬ್ಬಿಯನ್ನು ನೋಡಿ ಗುರುತು ಹಿಡಿದಂತೆ ಸಿಡುಕಿ ತಂತಿ ಕಚ್ಚಿತು. ಬಾಲ ಹೊರಗೆ ಚಾಚಿತ್ತು. ಅದರ ಮೇಲೆ, ಸ್ವಲ್ಪ ಮಾಸಿದ್ದರೂ, ಅಪ್ಪ ಬರೆದ ಉಂಗುರ.

"ನೋಡು, ಬಾಲ ನೋಡು! ನನ್ನ ಈ ಕಣ್ಣಿಗೂ ಕಾಣಿಸ್ತು ಅಂದ್ರೆ. ಏನು ಬಣ್ಣ, ಹೇಳು?"

"ಕೆಂಪು," ಎಂದಳು ಗುಬ್ಬಿ.

"ಹಾಂ! ಗಿರಣಿ ಯಂತ್ರ ಏನು ಬಣ್ಣ? ಕೆಂಪು! ಹಸಿ ಪೇಂಟಿಗೆ ಬಾಲ ಒರೆಸ್ಕೊಂಡು ಬಂದಿದ್ದಾನೆ ಮಹರಾಯ. ಇದಕ್ಕಿಂತ ಸಾಕ್ಷಿ ಬೇಕಾ? ನಾಳೆ ಹತ್ತು ಗಂಟೆಗೆ ತಪಾಸಣೆಯಂತೆ. ಇನ್ನೊಂದು ಅರ್ಜಿ ಬರಿ. ಗಿರಣೀನೇ ಇಲ್ಲಿಂದ ಎತ್ತಿಸಬೇಕು ಅಂತ ಬರಿ. ಇವನನ್ನೂ ಅರ್ಜಿ ಜೊತೆಗೇ ಒಪ್ಪಿಸ್ತೀನಿ."

ಗುಬ್ಬಿ ಹಾಳೆ ತೆಗೆದುಕೊಂಡಳು. "ಮಾನ್ಯರೇ" ಎಂದು ಬರೆದಳು. ಎಂದಿನ ಮುದ್ದು ಅಕ್ಷರ. ಮುಂದಿನ ವಾಕ್ಯವೂ ತಲೆಯಲ್ಲಿ ಸಿದ್ಧವಾಗಿಯೇ ಬಂದು ನಿಂತಿತು: "ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ..." ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೆ ತನ್ನ ಕೈಯ ಬಗ್ಗೆಯೇ ಭಯವಾಯಿತು. ಪೆನ್ನು ಕೆಳಗಿಟ್ಟಳು.

"ಅತ್ತೆ, ಅದು ಪೇಂಟ್ ಅಲ್ಲ."

"ಮತ್ತೆ? ರಕ್ತಾನಾ? ಅಯ್ಯೋ ಪಾಪ."

"ನೇಲ್ ಪಾಲಿಶ್. ನಂದು. ಅಪ್ಪ ಹಚ್ಚಿದ್ದು. ಇದು ಏಳನೇ ಇಲಿ."

ಒಮ್ಮೆ ಶುರುವಾದ ಮೇಲೆ, ಯಂತ್ರದ ಕೆಳಗೆ ಕೂತು ಹೇಳುತ್ತಿದ್ದ ಹಾಗೆ ಎಲ್ಲ ಬಂತು: ಸೇತುವೆ, ಬಸ್ ಸ್ಟಾಪು, ಪೊದೆ, ಕಲ್ಲಿನ ಮೇಲಿನ ಅರ್ಧ ಗಂಟೆ. ಅತ್ತೆ ಕೇಳುತ್ತ ಕೇಳುತ್ತ ಯಂತ್ರದ ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸುತ್ತಿದ್ದಳು, ಬಿಡಿಸುತ್ತಿದ್ದಳು.

"ಎಷ್ಟು ಬಿಟ್ಟೆ?"

"ಆರು."

"ನನ್ನ ಗೋಡೆ ಅಂತ ಗೊತ್ತಿತ್ತಾ?"

"ಬಿಡೋವಾಗ ಗೊತ್ತಿರಲಿಲ್ಲ ಅತ್ತೆ. ನಿಜವಾಗ್ಲೂ."

"ಅರ್ಜಿ ಬರೆಯೋವಾಗ?"

ಗುಬ್ಬಿ "ಮಾನ್ಯರೇ" ಎಂದು ಬರೆದಿದ್ದ ಹಾಳೆಯನ್ನು ಮಡಿಸಿದಳು.

"ಗೆಣಸು ಹೋದರೆ ಹೋಗಲಿ," ಎಂದಳು ಅತ್ತೆ. ದನಿ ಏರಲಿಲ್ಲ, ಏರಿದ್ದರೆ ಗುಬ್ಬಿಗೆ ಎಷ್ಟೋ ಹಗುರವಾಗುತ್ತಿತ್ತು. "ಮೊನ್ನೆ ಅವನು, 'ಅಕ್ಕ, ನಿಮ್ಮ ಡಬ್ಬಿ ಇಲ್ಲೇ ಉಳಿದಿದೆ' ಅಂತ ತಂದುಕೊಟ್ಟ. ಗಿರಣಿ ಮುಚ್ಚೋ ಮುಂಚೆ ಬೀಸಿ ಇಟ್ಟಿದ್ದ ಹಿಟ್ಟನ್ನ ತಂದುಕೊಟ್ಟ. ನಾನು ಮುಖ ತಿರುಗಿಸಿ, ಹೊರಗಡೆ ಇಟ್ಟು ಹೋಗು ಅಂದೆ. ಮೂವತ್ತು ವರ್ಷದಿಂದ ಅವನ ಕೈಯ ಹಿಟ್ಟು ತಿಂದವಳು. ನೀನು ತೋರಿಸಿದ ಕಡೆ ಸಹಿ ಹಾಕಿದೆ ಕಣೇ ನಾನು. ನನಗೆ ಕಣ್ಣು ಕಾಣಲ್ಲ ಅಂತ ನಿನ್ನ ಕಣ್ಣು ನಂಬಿದೆ."

ಗುಬ್ಬಿ ಬೋನನ್ನು ಎತ್ತಿಕೊಂಡಳು. ಅದರ ಜೊತೆಯಲ್ಲೇ ಬಂದಿದ್ದ ಹೂವಿನ ಚೀಲಕ್ಕೆ ಕೈ ಚಾಚಿದಾಗ ಅತ್ತೆ ಅದನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

"ಇದು ಇಲ್ಲೇ ಇರಲಿ. ನೀನು ಕಾಲೇಜಿಗೆ ಹೋಗುವಾಗ ಪುಸ್ತಕಕ್ಕೆ ಅಂತ ನಾನು ಹೊಲಿದುಕೊಟ್ಟಿದ್ದು."

ಬೋನನ್ನು ಬರಿಗೈಯಲ್ಲಿ ಹಿಡಿದು ಅವಳು ಬೀದಿಗೆ ಇಳಿದಳು. ಮೂರು ಮನೆ ದಾಟಿದರೆ ಗಿರಣಿ. ಅರ್ಧ ಎಳೆದ ಬಾಗಿಲಿನೊಳಗೆ ಮಾಮ ಪೊರಕೆ ಹಿಡಿದಿದ್ದ. ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಿದ್ದ. ಗೋಡೆಯ ಕಪಾಟಿನಲ್ಲಿ ಗಿರಾಕಿಗಳ ಖಾಲಿ ಡಬ್ಬಿಗಳ ಸಾಲು. ಅವುಗಳಲ್ಲಿ ಗುಬ್ಬಿಯ ಮನೆಯ ಡಬ್ಬಿಯೂ ಇತ್ತು, ಅದರ ಮೇಲೆ ಅವಳೇ ಬರೆದು ಅಂಟಿಸಿದ್ದ ಚೀಟಿ: "ಪಾರ್ಸೆಲ್ ಆಫೀಸಿನವರು. ಗೋಧಿ. ನುಣ್ಣಗೆ."

ಅವಳು ಹೊಸ್ತಿಲ ಹೊರಗೆ ನಿಂತು, ಎರಡನೇ ಸಲ ಎಲ್ಲವನ್ನೂ ಹೇಳಿದಳು. ಮಾಮ ಪೊರಕೆಯನ್ನು ಗೋಡೆಗೊರಗಿಸಿದ. ಬಂದು ಬೋನಿನ ಮುಂದೆ ಕೂತು ಇಲಿಯನ್ನು ನೋಡಿದ.

"ಅರ್ಜಿ ಬರೆದದ್ದು ನೀನು ಅಂತ ಗೊತ್ತಿತ್ತಮ್ಮ," ಎಂದ. "ಪುರಸಭೆಯವರು ಕಾಗದ ತೋರಿಸಿದರು. ಈ ಡಬ್ಬಿ ಮೇಲಿನ ಅಕ್ಷರ ದಿನಾ ನೋಡ್ತೀನಲ್ಲ. 'ಧಕ್ಕೆ' ಅಂತ ಎಷ್ಟು ಚೆಂದ ಬರೆದಿದ್ದೆ! ಅಕ್ಕ ಹೇಳಿದ್ದಾರೆ, ಹುಡುಗಿ ಬರೆದಿದ್ದಾಳೆ, ಅವಳದೇನು ತಪ್ಪು ಅಂದ್ಕೊಂಡೆ." ಅವನು ಬೋನಿನಿಂದ ಕಣ್ಣೆತ್ತಿ ಅವಳನ್ನು ನೋಡಿದ. "ಇಲಿ ಬಿಟ್ಟದ್ದೂ ನೀನೇ ಅಂತ ಗೊತ್ತಿರಲಿಲ್ಲ."

"ನಾನು ಪುರಸಭೆಗೆ ಇನ್ನೊಂದು ಕಾಗದ ಬರೀತೀನಿ ಮಾಮ. ಈಗಲೇ. ಎಲ್ಲ ತಪ್ಪೂ ನಂದೇ ಅಂತ..."

"ಬೇಡ." ಅವನು ತಲೆಯಾಡಿಸಿದ. "ಕಾಗದ ನಿನಗೆ ಸುಲಭ. ನಾಳೆ ಹತ್ತು ಗಂಟೆಗೆ ಅವರು ಬರ್ತಾರೆ. ಬಂದು ಇಲ್ಲಿ ನಿಂತು, ಬಾಯಿ ಬಿಟ್ಟು ಹೇಳು. ಬೀದಿಯವರೂ ಕೇಳಲಿ. ಹತ್ತು ದಿನದಿಂದ ನನ್ನ ಹಿಟ್ಟಲ್ಲಿ ಇಲಿ ಹಿಕ್ಕೆ ಇತ್ತು ಅಂತ ಅವರವರೇ ಮಾತಾಡ್ಕೊಂಡಿದ್ದಾರೆ."

ಅವಳು ಹೂಂ ಎಂದಳು. ದನಿ ಬಂತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

"ಇವನು ಬಿಸಿಲಿಗೆ ಒಣಗ್ತಿದ್ದಾನೆ, ಮೊದಲು ಒಯ್ದು ಬಿಡು," ಎಂದ ಮಾಮ, ಪೊರಕೆಯನ್ನು ಮತ್ತೆ ಕೈಗೆತ್ತಿಕೊಂಡು. "ದೂರ."

ಬಸ್ ಸ್ಟಾಪಿನಲ್ಲಿ ಜನ ಇದ್ದರು. "ಏನಮ್ಮಾ ಅದು?" ಎಂದು ಯಾರೋ ಕೇಳಿದರು. "ಇಲಿ," ಎಂದಳು ಗುಬ್ಬಿ. ಅಷ್ಟೇ. ಕೇಳಿದವರು "ಓ" ಎಂದು ಬಸ್ಸು ಬರುವ ದಿಕ್ಕಿಗೆ ತಿರುಗಿಕೊಂಡರು. ಇಷ್ಟು ಸಣ್ಣದಾಗಿತ್ತೇ ಅದು? ಇಷ್ಟಕ್ಕೆ ಹೆದರಿ ತಾನು ಎರಡು ಸಾಲು ಹುರುಳಿಕಾಯಿ, ಒಂದು ಗಿರಣಿ, ಒಬ್ಬ ಮುದುಕಿಯ ಸಹಿ, ಎಲ್ಲವನ್ನೂ ತೆತ್ತೆನೇ? ಸೇತುವೆಯ ಮೇಲೆ ಅವಳಿಗೆ ಅಳು ಬಂತು, ಆದರೆ ಎರಡೂ ಕೈಯಲ್ಲಿ ಬೋನಿದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ. ಜೊಂಡಿನ ಬಳಿ ಬಾಗಿಲೆತ್ತಿದಾಗ ಏಳನೇ ಇಲಿ ಹಿಂದೆ ತಿರುಗಿಯೂ ನೋಡದೆ ಹೋಯಿತು.

ಮನೆಯಲ್ಲಿ ಅಪ್ಪ ಮಗಳ ಮಾತನ್ನು ಪೂರ್ತಿ ಕೇಳಿದರು. ಬೈಯಲಿಲ್ಲ. "ಆ ನಿಮಿಷಗಳನ್ನೂ ನಾನು ಎಣಿಸಿದ್ದೆನಲ್ಲ," ಎಂದಷ್ಟೇ ಹೇಳಿ, ನೀಲಿ ಪುಸ್ತಕವನ್ನು ಮೊಳೆಯಿಂದ ತೆಗೆಸಿ ತೊಡೆಯ ಮೇಲಿಟ್ಟುಕೊಂಡರು. ಗುಬ್ಬಿ ಆ ಪುಟ ಹರಿಯಲು ಹೋದಾಗ ಕೈ ಹಿಡಿದರು.

"ಹರಿಯಬಾರದು. ತಪ್ಪು ಬರೆದದ್ದನ್ನ ಅಳಿಸೋದೂ ಇಲ್ಲ, ಹರಿಯೋದೂ ಇಲ್ಲ. ಓದೋಕೆ ಕಾಣೋ ಹಾಗೆ ಒಂದು ಗೆರೆ ಹೊಡೆದು, ಮೇಲೆ ಸರಿಯಾದ್ದು ಬರೆದು, ಪಕ್ಕದಲ್ಲಿ ತಿದ್ದಿದವರು ಸಹಿ ಹಾಕಬೇಕು. ನಮ್ಮ ಆಫೀಸಿನ ಪದ್ಧತಿ ಅದೇ."

ಆರು ಸಲ ಅವಳು "ಸೇತುವೆ ಆಚೆ" ಎಂಬುದರ ಮೇಲೆ ಗೆರೆ ಎಳೆದಳು. ಆರು ಸಲ "ಅತ್ತೆಯ ಗೋಡೆ" ಎಂದು ಬರೆದಳು. ಆರು ಸಹಿ. ಏಳನೆಯದರ ಕೆಳಗೆ ಹೊಸ ಸಾಲು ಬೇಕಾಯಿತು: "ಅದೇ ಇಲಿ. ಸೇತುವೆ ಆಚೆ." ಅಪ್ಪ ಅದನ್ನು ಓದಿದರು, ಒಮ್ಮೆ ಅವಳ ಮುಖ ನೋಡಿದರು. ಹಿಂದೆಲ್ಲ ನೋಡದೆಯೇ ನಂಬುತ್ತಿದ್ದರು.

ಮಾರನೆಯ ದಿನ ಹತ್ತಕ್ಕೆ ಮುಂಚೆಯೇ ಗಿರಣಿಯ ಮುಂದೆ ಹತ್ತಿಪ್ಪತ್ತು ಜನ ಸೇರಿದ್ದರು. ಕೆಲವರ ಕೈಯಲ್ಲಿ ಡಬ್ಬಿ. ಪುರಸಭೆಯ ಅಧಿಕಾರಿ ಒಳಗೆಲ್ಲ ಟಾರ್ಚು ಬಿಟ್ಟು ನೋಡಿ ಹೊರಗೆ ಬಂದ. ಮೂರು ಮನೆ ಆಚೆಗೆ, ತನ್ನ ಗೇಟಿನ ಬಳಿ ಸೂಜಿ ಅತ್ತೆ ನಿಂತಿದ್ದಳು. ಹತ್ತಿರ ಬರಲಿಲ್ಲ, ಒಳಗೂ ಹೋಗಲಿಲ್ಲ. ಅಷ್ಟು ದೂರಕ್ಕೆ ಆಕೆಗೆ ಯಾರ ಮುಖವೂ ಕಾಣುತ್ತಿರಲಿಲ್ಲ ಎಂದು ಗುಬ್ಬಿಗೆ ಗೊತ್ತಿತ್ತು. ಆಕೆ ಕೇಳಲು ನಿಂತಿದ್ದಳು.

"ಯಾರೋ ಏನೋ ಹೇಳಬೇಕು ಅಂದ್ರಲ್ಲ, ಯಾರು?" ಎಂದ ಅಧಿಕಾರಿ.

ಗುಬ್ಬಿ ನೀಲಿ ಪುಸ್ತಕವನ್ನು ಎದೆಗೆ ಅವುಚಿಕೊಂಡು ಮುಂದೆ ಬಂದಳು. ಎರಡು ವಾಕ್ಯ ಹೇಳಿದಳು.

"ಸ್ವಲ್ಪ ಜೋರಾಗಿ ಹೇಳಮ್ಮ. ಇಲ್ಲಿಗೇ ಕೇಳಿಸ್ತಿಲ್ಲ."

ಅವಳು ಮೂರು ಮನೆ ಆಚೆಯ ಗೇಟಿನ ಕಡೆಗೆ ಒಮ್ಮೆ ನೋಡಿದಳು. ಉಸಿರು ಎಳೆದುಕೊಂಡು, ಅಲ್ಲಿಗೆ ತಲುಪುವಷ್ಟು ಗಟ್ಟಿಯಾಗಿ, ಮತ್ತೆ ಮೊದಲನೇ ಇಲಿಯಿಂದ ಶುರುಮಾಡಿದಳು.